ಐದು ಪಾಯಿಂಟ್ ಒಂದು

ಮಾರ್ಚ್ 3, ಬೆಳಿಗ್ಗೆ 7.40

ಒಂಬತ್ತು ಹೋರಿಗಳಲ್ಲಿ ಆರು ಮುಗಿದವು. ಬಾಯಿಗೆ ಪೈಪು, ಪೈಪಿನ ತುದಿಗೆ ಪಂಪು, ಮೆಲುಕು ಹೊಟ್ಟೆಯಿಂದ ಅರ್ಧ ಲೀಟರ್ ರಸ. ಮೇವಿನ ಟ್ರಯಲ್ ಶುರುವಾಗಿ ಇಪ್ಪತ್ತೆರಡನೆಯ ದಿನ. ಕೋಟಿಗೆ, ಕೂದಲಿಗೆ, ಕಿವಿಯ ಸಂದಿಗೂ ಹುಳಿ ವಾಸನೆ.

47ನೇ ನಂಬರಿನ ಹೋರಿ ಇವತ್ತೂ ತಕರಾರು. ಹೋರಿಯನ್ನು ನಿಲ್ಲಿಸಿ ಬಿಗಿಯುವ ಕಬ್ಬಿಣದ ಚೌಕಟ್ಟಿನೊಳಗೆ ಬರಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಏಳುನೂರು ಕೆಜಿ. ನಾವು ಮೂವರು ತಳ್ಳಿದರೂ ಜಗ್ಗಲಿಲ್ಲ. ಮಾವುತ ಬಂದ, ಮೂಗುದಾರ ಹಿಡಿದು ಕಿವಿಯಲ್ಲಿ ಏನೋ ಹೇಳಿದ. ಬಂತು. ಏನು ಹೇಳಿದಿರಿ ಎಂದು ಕೇಳಿದೆ.

"ಬಾರಪ್ಪ, ನಿಂಗೆ ಪೈಪು, ನಂಗೆ ಮೇಡಂ ಬೈಗುಳ, ಇಬ್ರದೂ ಬೇಗ ಮುಗ್ದೋಗ್ಲಿ ಅಂದೆ."

ಮಾವುತ ಅಡ್ಡಹೆಸರು. ಮೂವತ್ತು ವರ್ಷದಿಂದ ಕೋಲು ಹಿಡಿಯದೆ ಹೋರಿ ನೋಡಿಕೊಳ್ಳುತ್ತಿರುವ ಆಳು. ಹೆಂಡತಿ ನನ್ನ ಲ್ಯಾಬಿನಲ್ಲೇ ಬಾಟಲಿ ತೊಳೆಯುತ್ತಾಳೆ. ಗಂಡ ತುಂಬಿಸುತ್ತಾನೆ, ಹೆಂಡತಿ ತೊಳೆಯುತ್ತಾಳೆ, ನಡುವೆ ನಾನು ಪೇಪರ್ ಬರೆಯುತ್ತೇನೆ. ಇನ್ನೂ ಮೂರು ಹೋರಿ ಬಾಕಿ. ಕೈ ತೊಳೆದು ಹೋಗಬೇಕು.

ಅದೇ ದಿನ, ಸಂಜೆ 6

ಅಪ್ಪನದು ಮತ್ತೆ ಅದೇ ಪ್ರಶ್ನೆ—ಏನು ಹುಡುಕ್ತಿದ್ದೀಯ ಆ ಹೊಟ್ಟೆಯೊಳಗೆ? ನಲವತ್ತು ವರ್ಷ ಮಾಂಸದಂಗಡಿ ನಡೆಸಿದವರು. ಹೊಟ್ಟೆಯೊಳಗೆ ಏನಿರುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು. ಆದರೂ ವಿವರಿಸಿದೆ. ಒಂಬತ್ತೂ ಒಂದೇ ಅಪ್ಪನ ಮಕ್ಕಳು, ತಾಯಂದಿರು ಬೇರೆ. ಒಂದೇ ಕೊಟ್ಟಿಗೆ, ಒಂದೇ ಮೇವು. ಹುಲ್ಲಿಲ್ಲ, ಬರೀ ಕಾಳು ಮತ್ತು ಹಿಂಡಿ, ಅರವತ್ತು ದಿನ. ಹೊಟ್ಟೆಯಲ್ಲಿ ಕೋಟಿ ಕೋಟಿ ಸೂಕ್ಷ್ಮಾಣುಗಳು. ಯಾವುದು ಉಳಿಯಬೇಕು ಯಾವುದು ಸಾಯಬೇಕು ಅಂತ ತೀರ್ಮಾನಿಸುವುದು ಮೇವೋ, ಅಪ್ಪನಿಂದ ಬಂದ ರಕ್ತವೋ? ರಕ್ತ ಅಂತ ತೋರಿಸಿದರೆ ಕಡಿಮೆ ತಿಂದು ಬೇಗ ಮೈಗೂಡುವ ತಳಿ ಕೈಗೆ ಸಿಕ್ಕ ಹಾಗೆ. ಹನ್ನೊಂದು ವರ್ಷದ ಕೆಲಸ.

"ಹುಲ್ಲಿಲ್ದೆ ಅರವತ್ತು ದಿನಾನಾ?"

"ತಡ್ಕೊಳ್ಳತ್ತಾ ಅನ್ನೋದೇ ಪ್ರಶ್ನೆ ಅಪ್ಪ."

"ಪ್ರಶ್ನೆ ನಿಂದು. ಹೊಟ್ಟೆ ಅದರದು."

ನಕ್ಕೆ. ಅವರು ನಗಲಿಲ್ಲ.

ಮಾರ್ಚ್ 9, ಮಧ್ಯಾಹ್ನ

47 ಮಾವುತನ ಎರಡು ಬೆರಳು ಜಜ್ಜಿತು.

ಪೈಪ್ ಹಾಕುವಾಗ ತಲೆ ಕೊಡವಿತು. ಕೊಂಬಿಗೂ ಕಂಬಿಗೂ ನಡುವೆ ಅವನ ಎಡಗೈ. ಕಬ್ಬು ಮುರಿದ ಸದ್ದು. ಗ್ಲೋವ್ಸ್ ಎಳೆದಾಗ ಉಗುರೊಂದು ಅದರೊಳಗೇ ಉಳಿಯಿತು. ಅವನು ಕಿರುಚಲಿಲ್ಲ. "ಅಯ್ಯೋ ಮಗನೇ" ಅಂದ, ಹೋರಿಗೆ.

ಲ್ಯಾಬ್ ಸಿಂಕಿನಲ್ಲಿ ಹೆಂಡತಿ ಕೈ ತೊಳೆದಳು. ನೀರು ಕೆಂಪಾಗಿ ಹರಿಯುತ್ತಲೇ ಇತ್ತು. ಬೈಗುಳವೂ ಹರಿಯುತ್ತಲೇ ಇತ್ತು.

"ಮದ್ವೆ ಆದಾಗ್ಲಿಂದ ನನ್ನ ಕೈ ಹಿಡ್ದಿದ್ದಕ್ಕಿಂತ ಇವುಗಳ ಮೂಗು ಹಿಡ್ದಿದ್ದೇ ಜಾಸ್ತಿ. ಅನುಭವಿಸಿ."

ಅವನು ನನ್ನ ಕಡೆ ತಿರುಗಿದ. "ಅದಕ್ಕೆ ಹೊಟ್ಟೆನೋವು ಮೇಡಂ. ಹಲ್ಲು ಕಡೀತಾ ಇದೆ. ಹಿಂಗಾಲಲ್ಲಿ ಹೊಟ್ಟೆಗೆ ಒದ್ಕೊಳ್ತಾ ಇದೆ. ಪೊಗರಲ್ಲ ಇದು."

ನೋಡ್ತೀನಿ ಅಂದೆ.

ಮಾರ್ಚ್ 11, ಬೆಳಿಗ್ಗೆ 9.15

ನೋಡಿದೆ.

47ರ ಹೊಟ್ಟೆ ರಸದ ಪಿಎಚ್ 5.1. ಮತ್ತೆ ಅದ್ದಿದೆ—5.1. ಮೀಟರ್ ಒರೆಸಿ ಮೂರನೆಯ ಸಲ. 5.1.

ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಿಯಮ ನಾನೇ ಬರೆದದ್ದು: 5.2ಕ್ಕಿಂತ ಕೆಳಗಿಳಿದ ಹೋರಿಯನ್ನು ಅವತ್ತೇ ಟ್ರಯಲ್‌ನಿಂದ ಹೊರಗೆ ತೆಗೆದು ಹುಲ್ಲಿಗೆ ಹಾಕಬೇಕು. ಯಾಕೆಂದರೆ ಅಷ್ಟು ಹುಳಿಯಲ್ಲಿ ನಾರು ಜೀರ್ಣಿಸುವ ಸೂಕ್ಷ್ಮಾಣುಗಳು ಸಾಯುತ್ತವೆ, ಹುಳಿ ಮಾಡುವವು ದುಪ್ಪಟ್ಟಾಗುತ್ತವೆ, ಹೊಟ್ಟೆಯ ಒಳಗೋಡೆ ಸುಡುತ್ತದೆ. ಸುಟ್ಟ ಗಾಯದೊಳಗಿಂದ ಅವು ಲಿವರ್‌ಗೆ ಇಳಿಯುತ್ತವೆ. ನಾನೇ ಪಾಠ ಮಾಡಿದ್ದೇನೆ ಇದನ್ನು.

ಆದರೆ 47 ಅಂದರೆ ಇಡೀ ಟ್ರಯಲ್‌ನ ಕಿರೀಟ. ಎಲ್ಲಕ್ಕಿಂತ ಕಡಿಮೆ ತಿಂದು ಎಲ್ಲಕ್ಕಿಂತ ಬೇಗ ತೂಕ ಏರಿಸಿಕೊಂಡದ್ದು. ಅದರ ವೀರ್ಯವನ್ನು ಊರೂರಿಗೆ ಕಳಿಸುವ ಯೋಜನೆ ಡೈರೆಕ್ಟರ್ ಟೇಬಲ್ ಮೇಲಿದೆ. ಅದನ್ನು ತೆಗೆದರೆ ಉಳಿದ ಎಂಟರಲ್ಲಿ ಹೇಳುವಂಥದ್ದೇನೂ ಇಲ್ಲ.

ಪುಸ್ತಕದಲ್ಲಿ 5.4 ಅಂತ ಬರೆದೆ.

ಮುಂದಿನ ಬಾಟಲಿ ತೆರೆದೆ.

ಮಾರ್ಚ್ 17, ಬೆಳಿಗ್ಗೆ 11

32 ಸತ್ತಿತು. 47 ಕೊಂದಿತು.

ತೂಕ ಮಾಡಲು ಹೊರಗಿನ ಅಂಗಳಕ್ಕೆ ಬಿಟ್ಟಿದ್ದೆವು. 32 ಸಾಧು ಪ್ರಾಣಿ, ಮೂಲೆಯಲ್ಲಿ ಸುಮ್ಮನೆ ನಿಂತಿತ್ತು. 47 ಒಂದು ಸಲವೂ ಗುಟುರು ಹಾಕದೆ ಓಡಿ ಬಂತು. ಗೋಡೆಗೆ ಒತ್ತಿ ಹೊಟ್ಟೆಗೆ ಇರಿಯಿತು. ಒಂದು, ಎರಡು, ಐದು—ಆಮೇಲೆ ಎಣಿಸಲಿಲ್ಲ. 32 ಮುಂಗಾಲು ಮಡಚಿತು. ಆದರೂ ಬಿಡಲಿಲ್ಲ. ಬಿದ್ದದ್ದನ್ನು ಕೊಂಬಿನಲ್ಲಿ ಎತ್ತಿ ಗೋಡೆಗೆ ಒಗೆಯಿತು. ಮಾವುತ ಬ್ಯಾಂಡೇಜಿನ ಕೈಯಲ್ಲೇ ಗೋಣಿಚೀಲ ಬೀಸುತ್ತ ನಡುವೆ ನುಗ್ಗಿದ. ಅವನ ದನಿಗೆ ಮಾತ್ರ ನಿಂತಿತು. ಮುಖದ ತುಂಬ ರಕ್ತ, ಬಾಯಲ್ಲಿ ನೊರೆ, ಹಲ್ಲು ಕಡಿಯುವ ಸದ್ದು ಬೇಲಿಯಾಚೆಗೂ ಕೇಳುತ್ತಿತ್ತು.

32ರ ಹೊಟ್ಟೆ ಪೂರಾ ತೆರೆದುಕೊಂಡಿತ್ತು. ಬಿಸಿ ಹಬೆ ಏಳುತ್ತಿತ್ತು. ಇನ್ನೂ ಉಸಿರಿತ್ತು.

ನಾನು ಮಾಡಿದ್ದು—ಬರೆದಿಡುತ್ತೇನೆ—ಲ್ಯಾಬಿಗೆ ಓಡಿದೆ. ನಾಲ್ಕು ಬಾಟಲಿ ತಂದೆ. ಇಂಥ ತಾಜಾ ಸ್ಯಾಂಪಲ್, ಹೊಟ್ಟೆಯ ಗೋಡೆಯಿಂದಲೇ, ಮತ್ತೆ ಸಿಗುವುದಿಲ್ಲ. ಮಂಡಿಯೂರಿ ಕೈ ಒಳಗೆ ಹಾಕಿದೆ. ಮೊಣಕೈವರೆಗೆ ಬೆಚ್ಚಗೆ. ನಾಲ್ಕೂ ತುಂಬಿದೆ. ಮೂರನೆಯದು ತುಂಬುವಾಗ ಅದರ ಕಣ್ಣು ನನ್ನ ಕಡೆ ಹೊರಳಿತು.

ತಲೆ ಎತ್ತಿದರೆ ಮಾವುತ ನೋಡುತ್ತಿದ್ದ.

"ಪ್ರಾಣ ಹೋಗೋವರ್ಗಾದ್ರೂ ಕಾಯ್ಬಹುದಿತ್ತು ಮೇಡಂ."

ಮಾರ್ಚ್ 18

ಮಾವುತ ಚೇಂಬರಿಗೆ ಬಂದ. ಮೂವತ್ತು ವರ್ಷದಲ್ಲಿ ಯಾವ ಚೇಂಬರಿನೊಳಗೂ ಬಂದವನಲ್ಲವಂತೆ, ಬಾಗಿಲಲ್ಲೇ ಚಪ್ಪಲಿ ಬಿಟ್ಟ.

"ಅದಕ್ಕೆ ಹುಲ್ಲು ಕೊಡಿ ಮೇಡಂ. ಒಂದು ಹಿಡಿ."

"ಆಗಲ್ಲ."

"ಇನ್ನು ಎಷ್ಟು ದಿನ?"

"ಇಪ್ಪತ್ಮೂರು."

ಬೆರಳು ಮಡಚಿ ಎಣಿಸತೊಡಗಿದ. ಜಜ್ಜಿದ ಬೆರಳು ಮಡಚಲಾಗಲಿಲ್ಲ. ಅಲ್ಲಿಗೆ ಬಿಟ್ಟು ಹೋದ.

ಈಗ ಎಂಟೇ ಉಳಿದವು. ಎಂಟಕ್ಕಿಂತ ಕಡಿಮೆಯಾದರೆ ಲೆಕ್ಕಾಚಾರಕ್ಕೆ ಬೆಲೆಯೇ ಇರುವುದಿಲ್ಲ. ಇನ್ನಂತೂ 47ನ್ನು ತೆಗೆಯುವ ಹಾಗೇ ಇಲ್ಲ. ಕೊಲೆಗಾರನಿಗೆ ರಕ್ಷಣೆ ಸಿಕ್ಕಿದ ಹಾಗಾಯಿತು.

ಮಾರ್ಚ್ 24, ಬೆಳಿಗ್ಗೆ 8.30

47ರ ಪಿಎಚ್ 5.7! ತಾನಾಗಿ ಚೇತರಿಸಿಕೊಂಡಿದೆ ಅಂದುಕೊಂಡೆ. ರಕ್ತದ ಗುಣ ಅಂದರೆ ಇದೇ... ಹತ್ತು ನಿಮಿಷ ಕುಣಿಯುವಷ್ಟು ಖುಷಿ. ಮೊದಲ ಪ್ಯಾರಾ ಮನಸ್ಸಿನಲ್ಲೇ ಬರೆದುಬಿಟ್ಟಿದ್ದೆ.

ಆಮೇಲೆ ರಸ ಸೋಸುವ ಬಟ್ಟೆ ನೋಡಿದೆ. ಹುಲ್ಲಿನ ಎಳೆ. ಒಂದಲ್ಲ, ಹಿಡಿಯಷ್ಟು.

ಯಾರು ಅಂತ ಕೇಳಬೇಕಾಗಿರಲಿಲ್ಲ. ಹೆಂಡತಿ ಬಾಟಲಿ ತೊಳೆಯುತ್ತಿದ್ದಳು, ಅವಳೆದುರೇ ಮಾವುತನನ್ನು ಕರೆಸಿ ಕೂಗಾಡಿದೆ. ಹನ್ನೊಂದು ವರ್ಷದ ಕೆಲಸಕ್ಕೆ ಮಣ್ಣು ಹಾಕ್ತಿದ್ದೀರಿ, ನಿಮಗೆ ಅನ್ನ ಹಾಕುವ ಕೆಲಸಕ್ಕೆ ಕಲ್ಲು ಹಾಕ್ತಿದ್ದೀರಿ, ಹೀಗೆ ಏನೇನೋ. ಅವನು ತಲೆ ತಗ್ಗಿಸಿ ನಿಂತ. ಅವಳು ನಲ್ಲಿ ಜೋರಾಗಿ ತಿರುಗಿಸಿದಳು, ನನ್ನ ಮಾತು ಮುಳುಗಲಿ ಅಂತ.

ಹುಲ್ಲಿನ ಶೆಡ್ಡಿಗೆ ಬೀಗ ಹಾಕಿಸಿದೆ. ಬೀಗದ ಕೈ ನನ್ನ ಬ್ಯಾಗಿನಲ್ಲಿ.

ಮಾರ್ಚ್ 26, ಸಂಜೆ 4. ಆಸ್ಪತ್ರೆ, ಆಪರೇಷನ್ ರೂಮಿನ ಹೊರಗಿನ ಬೆಂಚು

ಬರೆಯದಿದ್ದರೆ ತಲೆ ಒಡೆಯುತ್ತದೆ.

ಬೆಳಿಗ್ಗೆ ಏಳಕ್ಕೆ ಕೊಟ್ಟಿಗೆಗೆ ಹೋದೆ. 47ರ ಗೋದಲಿಯಲ್ಲಿ ಹುಲ್ಲು. ಶೆಡ್ಡಿನದಲ್ಲ, ರಸ್ತೆಬದಿಯ ಹಸಿ ಹುಲ್ಲು. ಮಾವುತ ಬರುವ ದಾರಿಯಲ್ಲಿ ಕಿತ್ತು ಜೇಬಿನಲ್ಲಿ ತುರುಕಿಕೊಂಡು ಬಂದಿದ್ದಾನೆ. 47 ತಲೆ ಎತ್ತದೆ ತಿನ್ನುತ್ತಿತ್ತು. ಎಷ್ಟೋ ದಿನದ ಮೇಲೆ ಹಲ್ಲು ಕಡಿಯುವ ಸದ್ದಿರಲಿಲ್ಲ.

"ತೆಗೀರಿ ಅದನ್ನ."

"ತಿಂದು ಮುಗಿಸ್ಲಿ ಮೇಡಂ. ಎರಡು ತುತ್ತಿದೆ."

"ಈಗ್ಲೇ ತೆಗೀರಿ. ನನ್ನ ಕಣ್ಮುಂದೆ."

ಒಬ್ಬನೇ ಒಳಗೆ ಹೋಗಬಾರದು ಅನ್ನುವ ನಿಯಮವಿದೆ. ಇಬ್ಬರು ಬರಲಿ ಅಂತ ನಾನು ಕಾಯಲಿಲ್ಲ. ಅವನು ನನ್ನನ್ನೊಮ್ಮೆ ನೋಡಿದ. ಚಿಲಕ ತೆಗೆದ. ಒಳಗೆ ಹೋಗಿ, "ಕೊಡಪ್ಪ, ಕೊಡು, ನಮ್ಮ ಹಣೇಲಿ ಇಷ್ಟೇ" ಅನ್ನುತ್ತ ಅದರ ಬಾಯಿ ಮುಂದಿನ ಹುಲ್ಲಿಗೆ ಕೈ ಹಾಕಿದ.

ಅವನ ಹೊಟ್ಟೆಯ ಎಡಭಾಗಕ್ಕೆ ಹೊಕ್ಕಿತು ಕೊಂಬು. ಎತ್ತಿತು. ಅವನ ಕಾಲು ನೆಲ ಬಿಟ್ಟದ್ದು ನೋಡಿದೆ. ಎತ್ತಿಕೊಂಡೇ ಅಡ್ಡಗಂಬಿಗೆ ಗುದ್ದಿತು. ಮತ್ತೆ ಗುದ್ದಿತು. ಕೈಯಲ್ಲಿ ಇನ್ನೂ ಹುಲ್ಲಿತ್ತು, ಬಿಟ್ಟಿರಲಿಲ್ಲ. ನಾನು ಬಕೆಟ್ ಎಸೆದೆ, ಸಲಿಕೆ ಎಸೆದೆ, ಕೂಗಿದೆ. ಕಾವಲುಗಾರ ಬಂದೂಕು ತಂದು ಹಾರಿಸಿದ, ಗುಂಡು ಭುಜಕ್ಕೆ ತಾಗಿತು, ಅದಕ್ಕೆ ಇನ್ನಷ್ಟು ಹುಚ್ಚು ಹಿಡಿಯಿತು. ಮಾವುತನನ್ನು ಕೊಡವಿ ಬಿಸಾಕಿ ಗೇಟಿಗೆ ಬಂತು. ಕಂಬಿ ಬಾಗಿತು. ದನದ ಡಾಕ್ಟರು ಮಂಪರು ಬರಿಸುವ ಸೂಜಿ ಹೊಡೆದು ಅದು ಮಂಡಿಯೂರುವ ಹೊತ್ತಿಗೆ ಏಳು ನಿಮಿಷ. ಏಳು ನಿಮಿಷ ಅವನು ಒಳಗೇ ಬಿದ್ದಿದ್ದ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು.

ವ್ಯಾನಿನಲ್ಲಿ ಅವನ ಹೊಟ್ಟೆಯ ಮೇಲೆ ನನ್ನ ಕೋಟು ಒತ್ತಿ ಹಿಡಿದಿದ್ದೆ. ಎಚ್ಚರವಿತ್ತು. "ಅದನ್ನ ಹೊಡೀಬೇಡಿ ಅಂತ ಹೇಳಿ" ಅಂದ.

ಅವನ ಹೆಂಡತಿ ಎದುರಿನ ಬೆಂಚಿನಲ್ಲಿದ್ದಾಳೆ. ಕೈ ಇನ್ನೂ ಸೋಪಿನ ನೊರೆ ಒಣಗಿ ಬೆಳ್ಳಗಿದೆ.

ಮಾರ್ಚ್ 27, ಬೆಳಿಗ್ಗೆ

ಸರ್ಜನ್ ಹೊರಗೆ ಬಂದು ಹೇಳಿದರು: ಕರುಳು ಮೂರು ಕಡೆ ಹರಿದಿದೆ, ಹೊಲಿದಿದ್ದೇವೆ. ಆದರೆ ಒಳಗಿದ್ದದ್ದೆಲ್ಲ ಹೊಟ್ಟೆಯೊಳಗೆ ಚೆಲ್ಲಿತ್ತು.

"ಚೆಲ್ಲಿದ್ರೆ ಏನಾಗತ್ತೆ?" ಅವಳು ಕೇಳಿದ್ದು ಅವರನ್ನಲ್ಲ, ನನ್ನನ್ನು. "ನಿಮ್ಗೆ ಗೊತ್ತಿರ್ಬೇಕಲ್ಲ. ದಿನಾ ಅದೇ ತಾನೇ ನೋಡೋದು."

ಹೇಳಿದೆ. ಕರುಳಿನೊಳಗೆ ಇರುವವರೆಗೆ ಆ ಸೂಕ್ಷ್ಮಾಣುಗಳು ನಮ್ಮ ಮನೆಯವು. ಗೋಡೆ ದಾಟಿದರೆ ನಮ್ಮನ್ನೇ ತಿನ್ನುತ್ತವೆ.

"ಎಷ್ಟು ದಿನ್ದಲ್ಲಿ?"

ಅದಕ್ಕೆ ಉತ್ತರ ಗೊತ್ತಿತ್ತು. ನೀರು ತರುತ್ತೇನೆ ಅಂತ ಎದ್ದೆ.

ಮಾರ್ಚ್ 30

ಜ್ವರ 104. ಹೊಟ್ಟೆ ಹಲಗೆಯ ಹಾಗೆ. ರಕ್ತದಲ್ಲಿ ಬೆಳೆದ ಸೂಕ್ಷ್ಮಾಣುಗಳ ಪಟ್ಟಿ ನರ್ಸ್ ತೋರಿಸಿದಳು. ಎಲ್ಲ ಪರಿಚಯದ ಹೆಸರು. ಮೂರನ್ನು ನನ್ನ ಲ್ಯಾಬಿನ ಫ್ರಿಡ್ಜಿನಲ್ಲೇ ಸಾಕಿದ್ದೇನೆ.

ಹೊಲಿಗೆ ಬಿಚ್ಚಿ ಮತ್ತೆ ತೊಳೆದರು. ಅವನು ಹೆಂಡತಿಯನ್ನೂ ಗುರುತು ಹಿಡಿಯುತ್ತಿಲ್ಲ. "ಬಾರಪ್ಪ, ಬಾರಪ್ಪ" ಅನ್ನುತ್ತಾನೆ. ಹಾಸಿಗೆಯ ಕಂಬಿಗೆ ಕೈ ಕಟ್ಟಿದ್ದಾರೆ, ನಳಿಗೆ ಕೀಳುತ್ತಾನೆ ಅಂತ. ಬೇರೆ ಊರಿನಿಂದ ಮಗಳು ಬಂದಳು. ಬಾಗಿಲಲ್ಲಿ ನಿಂತು "ಇವ್ರಲ್ಲ ನಮ್ಮಪ್ಪ" ಅಂದಳು. ಅಷ್ಟು ಊದಿದೆ ಮುಖ.

ಏಪ್ರಿಲ್ 2, ಬೆಳಿಗ್ಗೆ 10.20

ಹೋದ.

ಏಪ್ರಿಲ್ 6, ಮಧ್ಯಾಹ್ನ 3

ಡೈರೆಕ್ಟರ್ ಕರೆದರು. ಮೊದಲು ಎರಡು ನಿಮಿಷ ದುಃಖ. ಆಮೇಲೆ ಫೈಲ್ ತೆರೆದರು.

"ನೋಡಿ, ಅವನು ಒಬ್ಬನೇ ಒಳಗೆ ಹೋಗಿದ್ದಾನೆ. ನಿಯಮಕ್ಕೆ ವಿರುದ್ಧವಾಗಿ ಹುಲ್ಲು ಹಾಕಿದ್ದಾನೆ. ಜೇಬಲ್ಲೂ ಹುಲ್ಲು ಸಿಕ್ಕಿದೆ. ವಿಚಾರಣೆಯವರಿಗೆ ಇಷ್ಟು ಹೇಳಿದ್ರೆ ಸಾಕು."

"ತೆಗೀರಿ ಅಂತ ಒಳಗೆ ಕಳಿಸಿದ್ದು ನಾನು ಸರ್."

"ಯಾರು ಕೇಳಿಸ್ಕೊಂಡ್ರು?"

"ಮಾವುತ."

"ಮತ್ತೆ?"

ಅವರು ಫೈಲ್ ಮುಚ್ಚಿದರು. 47ಕ್ಕೆ ಏನೂ ಆಗಬಾರದಂತೆ. ಗುಂಡಿನ ಗಾಯ ಮಾಯುವವರೆಗೆ ಸರಪಳಿಯಲ್ಲಿಟ್ಟು, ಆಮೇಲೆ ಸಾಧ್ಯವಾದಷ್ಟು ವೀರ್ಯ ತೆಗೆದಿಡಬೇಕಂತೆ. "ಒಳ್ಳೆ ರಕ್ತ" ಅಂದರು.

ಕೆಳಗೆ ಬಂದರೆ ತೊಳೆಯುವ ಕೋಣೆಯಲ್ಲಿ ಅವಳು. ತಿಥಿಯೂ ಕಳೆದಿಲ್ಲ, ಕೆಲಸಕ್ಕೆ ಬಂದಿದ್ದಾಳೆ. "ಮನೇಲಿ ಕೂತ್ರೆ ಗೋಡೆ ತಿನ್ನತ್ತೆ" ಅಂದಳು. ಸಿಂಕಿನ ತುಂಬ ಹಳೆಯ ಬಾಟಲಿ. ಮಾವುತನ ಅಕ್ಷರದಲ್ಲಿ ನಂಬರ್ ಬರೆದ ಚೀಟಿಗಳು. ಅವನ್ನು ಮಾತ್ರ ನೆನೆಸದೆ, ಒಂದೊಂದಾಗಿ ಸುಲಿದು ಕಿಟಕಿಗೆ ಅಂಟಿಸುತ್ತಿದ್ದಳು.

ಏಪ್ರಿಲ್ 8, ಸಂಜೆ 5

ಟ್ರಯಲ್‌ನ ಪ್ರಾಣಿ ನರಳುತ್ತಿದ್ದರೆ ಕೊನೆಗಾಣಿಸಲು ನನ್ನೊಬ್ಬಳ ಸಹಿ ಸಾಕು. ಇದೂ ನಾನೇ ಬರೆದ ನಿಯಮ. ಡೈರೆಕ್ಟರ್ ಊರಲ್ಲಿಲ್ಲದ ದಿನ ನೋಡಿ ಸಹಿ ಹಾಕಿದೆ.

ಸುಲಭದ ಸಾವು ಕೊಡೋಣ ಅಂದುಕೊಂಡಿದ್ದೆವು. ಆಗಲಿಲ್ಲ. ದನದ ಡಾಕ್ಟರ ಕೈ ಜಾರಿ ಮೊದಲ ಸೂಜಿ ಅರ್ಧ ಹೊರಗೇ ಚೆಲ್ಲಿತು. 47 ಸರಪಳಿ ಕಿತ್ತಿತು. ಗೋಡೆಗೆ ತಲೆ ಹೊಡೆಯಿತು—ಮತ್ತೆ, ಮತ್ತೆ. ಬಲಗೊಂಬು ಬುಡಸಮೇತ ಮುರಿದು ನೇತಾಡಿತು. ಗಾರೆ ಉದುರಿತು. ಎರಡನೆಯ ಸೂಜಿಗೆ ಬಿತ್ತು. ಬಿದ್ದ ಮೇಲೂ ಹಿಂಗಾಲು ಹೊಟ್ಟೆಗೆ ಒದೆಯುತ್ತಿತ್ತು.

ಕೊಯ್ದು ನೋಡಬೇಕಿತ್ತು. ಆ ಕೆಲಸದವನು "ಮನುಷ್ಯನ್ನ ತಿಂದಿದ್ದನ್ನ ಮುಟ್ಟಲ್ಲ" ಅಂದುಬಿಟ್ಟ. ಅಪ್ಪನಿಗೆ ಫೋನ್ ಮಾಡಿದೆ. ಹಳೆಯ ಚಾಕು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಎಪ್ಪತ್ನಾಲ್ಕು ವಯಸ್ಸು, ಕೈ ಮಾತ್ರ ಇಪ್ಪತ್ತರದು. ಹದಿನೈದು ನಿಮಿಷದಲ್ಲಿ ಒಡಲು ತೆರೆದಿಟ್ಟರು.

ಹೊಟ್ಟೆಯ ಒಳಗೋಡೆ ಕಪ್ಪಾಗಿ ಸುಲಿದು ಬರುತ್ತಿತ್ತು. ಅಂಗೈಯಗಲದ ಹುಣ್ಣುಗಳು. ಲಿವರ್‌ನಲ್ಲಿ ಕೀವಿನ ಗಂಟು. ಎಣಿಸಿದೆ—ಹದಿನೇಳು. ಒಂದು ಕಿತ್ತಳೆ ಗಾತ್ರದ್ದು. ಅಪ್ಪ ಚಾಕುವಿನ ತುದಿ ತಾಗಿಸಿದ ಕೂಡಲೇ ಹಸಿರು ಕೀವು ಚಿಮ್ಮಿ ಅವರ ಎದೆಯವರೆಗೆ ಹಾರಿತು.

ಒರೆಸಿಕೊಳ್ಳಲಿಲ್ಲ. ತುಂಬ ಹೊತ್ತು ಅದನ್ನೇ ನೋಡುತ್ತ ನಿಂತರು.

"ಸಾವಿರಾರು ಕೊಯ್ದಿದ್ದೀನಿ ಮಗಳೇ. ಒಂದೇ ಏಟು, ಅದಕ್ಕೆ ಗೊತ್ತಾಗೋ ಮೊದ್ಲೇ ಮುಗಿಸ್ತಿದ್ದೆ. ಊರವ್ರು ನನ್ನ ಕಟುಕ ಅಂತಿದ್ರು."

ಚಾಕು ತೊಳೆಯಲು ಹೋದರು.

ಏಪ್ರಿಲ್ 9, ಬೆಳಿಗ್ಗೆ 8

ಇವತ್ತು ಹೇಳುತ್ತೇನೆ. ವಿಚಾರಣೆಯವರಿಗೆ ಆಮೇಲೆ. ಮೊದಲು ಅವಳಿಗೆ.

ಏಪ್ರಿಲ್ 13, ಮಧ್ಯಾಹ್ನ. ಆಸ್ಪತ್ರೆ

ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ.

ಅವತ್ತು ತೊಳೆಯುವ ಕೋಣೆಗೆ ಹೋದೆ. ಬಾಟಲಿಗಳನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಉಕ್ಕಿನ ಡ್ರಮ್ಮಿನ ಭಾರವಾದ ಮುಚ್ಚಳ ಎತ್ತಿಟ್ಟುಕೊಂಡು ತುಂಬುತ್ತಿದ್ದಳು. ನಿಂತೇ ಹೇಳಿದೆ. ಮೀಟರ್ ತೋರಿಸಿದ್ದು, ನಾನು ಬರೆದದ್ದು. ಹುಲ್ಲು ತೆಗೀರಿ ಅಂದದ್ದು, ಅವನು ಒಮ್ಮೆ ನನ್ನ ಮುಖ ನೋಡಿ ಒಳಗೆ ಹೋದದ್ದು. ಹದಿನೇಳು ಗಂಟು.

"ಅದಕ್ಕೆ ನೋವಿತ್ತು ಅಂತ ಅವ್ರು ಹೇಳಿದ್ದು ನಿಜಾನಾ?"

"ನಿಜ."

"ನಿಂಗೆ ಗೊತ್ತಿತ್ತಾ?"

ಹನ್ನೊಂದು ವರ್ಷದಲ್ಲಿ ಮೊದಲ ಸಲ ಏಕವಚನ.

"ಗೊತ್ತಿತ್ತು."

"ಯಾವ ಕೈಯಲ್ಲಿ ಬರ್ದೆ?"

ಬಲಗೈ ಎತ್ತಿದೆ. ಅವಳು ಮಣಿಕಟ್ಟು ಹಿಡಿದು ಡ್ರಮ್ಮಿನ ಅಂಚಿನ ಮೇಲಿಟ್ಟಳು. ಮುಚ್ಚಳ ಬಿಟ್ಟಳು. ಎತ್ತಿ, ಮತ್ತೆ ಬಿಟ್ಟಳು. ಎರಡನೆಯ ಸಲದ ಹೊತ್ತಿಗೆ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಮೂಳೆ ಚರ್ಮದಿಂದ ಹೊರಗೆ ಬಂದದ್ದು ನೋಡಿ ಅವಳೇ ಕಿರುಚಿದಳು. ಅವಳೇ ತನ್ನ ಸೆರಗಿನಲ್ಲಿ ಸುತ್ತಿದಳು. ಅವಳೇ ಆಟೋ ಹಿಡಿದಳು.

ಸಾಕು. ಎಡಗೈ ನೋಯುತ್ತಿದೆ.

ಏಪ್ರಿಲ್ 14

ಪೊಲೀಸ್ ಬಂದಿದ್ದ. ಹೇಗಾಯ್ತು? ಮುಚ್ಚಳ ಜಾರಿತು ಅಂದೆ.

ಬಾಗಿಲ ಬಳಿ ಅವಳು. ದಿನಾ ಬಂದು ಅಲ್ಲೇ ಕೂರುತ್ತಾಳೆ, ಒಳಗೆ ಬರುವುದಿಲ್ಲ.

"ಜಾರ್ಲಿಲ್ಲ. ನಾನೇ ಹಾಕ್ದೆ. ಎರಡು ಸಲ."

ಕಂಪ್ಲೇಂಟ್ ಕೊಡ್ತೀರಾ ಅಂತ ಪೊಲೀಸ್ ನನ್ನ ಕಡೆ. ಇಲ್ಲ ಅಂದೆ. ಅವನು ಪುಸ್ತಕ ಮುಚ್ಚಿ ಹೋದ ಮೇಲೆ ಅವಳು ಮೊದಲ ಸಲ ಒಳಗೆ ಬಂದಳು.

"ನನ್ನ ಉಳ್ಸೋಕೆ ಅಂತ ಮತ್ತೊಂದು ಸುಳ್ಳು ಯಾಕೆ ಹೇಳ್ತೀರಿ? ನಿಮ್ಮ ಸುಳ್ಳು ನೋಡಿ ಆಯ್ತಲ್ಲ."

ಏಪ್ರಿಲ್ 17, ಸಂಜೆ

ವಿಚಾರಣೆ. ಮೂರು ಜನ, ಉದ್ದ ಟೇಬಲ್. ಎಲ್ಲ ಹೇಳಿದೆ. ಮೀಟರ್‌ನ ಒಳಗೆ ದಾಖಲೆಯಿದೆ, ತೆಗೆದು ನೋಡಿ ಅಂದೆ. ನೋಡಿದರು. ದನದ ಡಾಕ್ಟರು ಲಿವರ್ ಫೋಟೋ ಇಟ್ಟರು. ಡೈರೆಕ್ಟರ್ ನನ್ನ ಮುಖ ನೋಡಲಿಲ್ಲ.

ಟ್ರಯಲ್ ರದ್ದು. ನಾನು ಸಸ್ಪೆಂಡ್. ಮಾವುತನದು ತಪ್ಪಿಲ್ಲ ಅಂತ ಬರೆದರು. ಉಳಿದ ಏಳು ಹೋರಿ ಹುಲ್ಲಿಗೆ. ಹೊರಗೆ ಬರುವಾಗ ಕೊಟ್ಟಿಗೆಯ ಕಡೆ ನಡೆದೆ. ಗೇಟಲ್ಲೇ ತಡೆದರು—ಪಾಸ್ ಇಲ್ಲ ಮೇಡಂ. ದೂರದಿಂದ ಮೆಲುಕು ಹಾಕುವುದು ಕಂಡಿತು.

ಸಮಾಧಾನವೇನೂ ಆಗಲಿಲ್ಲ. ಆಗಬಾರದು.

ಏಪ್ರಿಲ್ 20, ಮಧ್ಯಾಹ್ನ 1.30

ಅವಳು ಮನೆಗೆ ಬಂದಿದ್ದಾಳೆ. ಕೈಯಲ್ಲಿ ವಿಚಾರಣೆಯ ಪ್ರತಿ.

"'ಕರ್ತವ್ಯದಲ್ಲಿದ್ದಾಗ ಹೋರಿ ಇರಿದು ಮೃತಪಟ್ಟರು.' ಇಷ್ಟೇನಾ? ಮಗಳು ಓದಿ ಕೇಳಿದ್ಲು, ಅಷ್ಟೇನಾಮ್ಮ ಅಂತ. ನಂಗೆ ಪೂರ್ತಿ ಬೇಕು. ಬರ್ದು ಕೊಡಿ."

"ನಿಮಗೂ ಬರೆಯೋಕೆ ಬರತ್ತಲ್ಲ..."

"ಬರತ್ತೆ. ನಂಗೊತ್ತಿಲ್ದೇ ಇರೋದು ನಿಮ್ಗೊತ್ತಿದೆ."

ಪ್ಲಾಸ್ಟರ್ ಹಾಕಿದ ಕೈ ತೋರಿಸಿದೆ.

"ಇನ್ನೊಂದಿದೆಯಲ್ಲ. ನಿಧಾನಕ್ಕೇ ಬರೀರಿ. ನಂಗೇನು ಅವಸರ ಇಲ್ಲ."

ಅಪ್ಪ ಎದ್ದು ಬಂದರು. "ಹಸ್ಕೊಂಡು ಮಾತಾಡ್ಬಾರ್ದು, ಮೊದ್ಲು ಒಂದು ತುತ್ತು ತಿನ್ನು ತಾಯಿ" ಅಂತ ಅಡುಗೆಮನೆಗೆ ಕರೆದುಕೊಂಡು ಹೋದರು. ಬೇಡ ಅನ್ನಲಿಲ್ಲ, ಹೋದಳು. ತಟ್ಟೆಯ ಸದ್ದು ಕೇಳುತ್ತಿದೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೊಸ ಹಾಳೆ ಪಕ್ಕದಲ್ಲಿದೆ. ಎಲ್ಲಿಂದ ಶುರು ಮಾಡುವುದೋ... ಇಷ್ಟು ವರ್ಷ ಬರೆದದ್ದೆಲ್ಲ ಹೊಟ್ಟೆಯ ಬಗ್ಗೆ. ಮನುಷ್ಯನ ಬಗ್ಗೆ ಒಂದು ಸಾಲು ಬರೆದವಳಲ್ಲ.

ಕೈ ತೊಳೆದು ಬಂದಳು. ಎದುರು ಕೂತಳು. ಹಾಳೆಯನ್ನು ನನ್ನ ಎಡಗೈಯ ಕೆಳಗೆ ಸರಿಸಿ, ಜಾರದ ಹಾಗೆ ತಾನೇ ಒತ್ತಿ ಹಿಡಿದಳು.

"ಹೇಳಿ. ಒಳಗೆ ಹೋಗೋ ಮೊದ್ಲು ನಿಮ್ಮ ಮುಖ ನೋಡಿದ್ರು ಅಂದ್ರಲ್ಲ. ಅವಾಗ ಅವ್ರ ಕಣ್ಣಲ್ಲಿ ಏನು—"

ಬರೆಯುತ್ತಿದ್ದೇನೆ. ಹೊಸ ಹಾಳೆಯ ಮೊದಲ ಸಾಲು: ಅವನ ಕಣ್ಣಲ್ಲಿ...